ಬಲಗಡೆಯ ಗಾಲಿ

ಗ್ಯಾರೇಜಿಗೆ ಬೀಗ ಹಾಕಿ ಮನೆಯಲ್ಲಿ ಕೂತ ಮೇಲೂ ನನ್ನ ಹತ್ತಿರ ಜನ ಬರುವುದು ನಿಂತಿಲ್ಲ. ಶಹಾಪುರದಲ್ಲಿ ಹೊಸದಾಗಿ ಅಂಗಡಿ ತೆರೆದ ಮೆಕ್ಯಾನಿಕ್‌ಗಳು ಸಂಜೆ ಹೊತ್ತು ಬಂದು ಕಟ್ಟೆಯ ಮೇಲೆ ಕೂತು, "ಶರಣಪ್ಪ ಮೇಸ್ತ್ರಿ, ನಿಮ್ಮ ಟೈಮಿನ್ಯಾಗ ಕೆಲಸ ಹೆಂಗಿತ್ರಿ?" ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಇಂಜಿನ್ ಬಿಚ್ಚಿದ ಕಥೆ, ದೊಡ್ಡ ಲಾರಿಗಳ ಕಥೆ. ನನಗೆ ನೆನಪಿರುವುದು ತುಕ್ಕು. ಇಂಜಿನ್ ಕೆಟ್ಟರೆ ಗಾಡಿ ನಿಂತುಬಿಡುತ್ತದೆ, ಹೆಚ್ಚೆಂದರೆ ಮಾಲೀಕ ನಾಲ್ಕು ಬೈಗುಳ ಬೈಯುತ್ತಾನೆ. ಬ್ರೇಕ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ಇಷ್ಟು ಸಣ್ಣ ಮಾತು ನನ್ನ ತಲೆಗೆ ಸರಿಯಾಗಿ ಇಳಿದದ್ದು ಒಂದು ಪಿಕಪ್ ಗಾಡಿಯ ಬಲಗಡೆಯ ಗಾಲಿ ಬಿಚ್ಚಿದ ದಿನ. ಹಾಗಾಗಿ ಕೇಳಿದವರಿಗೆಲ್ಲ ನಾನು ಅದನ್ನೇ ಹೇಳುತ್ತೇನೆ. ಬೇಜಾರಾದವರು ಎದ್ದು ಹೋಗಬಹುದು, ನಾನೇನು ಯಾರನ್ನೂ ಕಟ್ಟಿಹಾಕಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಕಡೆ ಕಾಲುವೆಯನ್ನು ಇನ್ನೂ ತೋಡುತ್ತಿದ್ದರು. ಆಗ ಗಾಡಿಗಳಿಗೆ ಬರುತ್ತಿದ್ದ ಕಾಯಿಲೆಯೆಲ್ಲ ಧೂಳಿನದು. ಏರ್ ಫಿಲ್ಟರ್ ಬಿಚ್ಚಿದರೆ ಅರ್ಧ ಬುಟ್ಟಿ ಮಣ್ಣು ಬೀಳುತ್ತಿತ್ತು. ಮಾಲೀಕ ಹೆಗಲ ಮೇಲಿನ ಟವೆಲು ತೆಗೆದು ಬಾನೆಟ್ಟಿನ ಮೇಲೆ ಎರಡು ಸಲ ಬಡಿದರೆ ಅದೇ ಗಾಡಿಯ ಸ್ನಾನ. ಮನುಷ್ಯರಿಗೇ ಕೊಡ ನೀರಿಗೆ ಜಗಳವಾಗುತ್ತಿದ್ದ ಊರಲ್ಲಿ ಗಾಡಿಗೆ ಯಾರು ನೀರು ಹಾಕುತ್ತಾರೆ? ಆಮೇಲೆ ಕಾಲುವೆಗೆ ನೀರು ಬಿಟ್ಟರು. ಜೋಳದ ಹೊಲಗಳು ಕಣ್ಣೆದುರೇ ಭತ್ತದ ಗದ್ದೆಯಾದವು. ಮೆಣಸಿನಕಾಯಿ ಬಂತು, ಹತ್ತಿ ಬಂತು, ಅವುಗಳ ಹಿಂದೆಯೇ ಟಂಟಂ ಆಟೋಗಳು, ಪಿಕಪ್ಪುಗಳು ಬಂದವು. ಕೆಸರಿನಲ್ಲಿ ಓಡಾಡಿದ ಗಾಡಿಯ ಮೇಲೆ ಯೂರಿಯಾ ಚೀಲ ಹೇರುವುದು, ಆ ಗೊಬ್ಬರ ಸೋರಿ ಗಾಲಿಯ ಸಂದಿಗೆ ಇಳಿಯುವುದು, ಅದರ ಮೇಲೆ ನೀರು ಬೀಳುವುದು. ಧೂಳಿನ ಕಾಲ ಹೋಗಿ ನಮ್ಮ ಗ್ಯಾರೇಜಿಗೆ ತುಕ್ಕಿನ ಕಾಲ ಬಂತು.

ಒಂದು ಸಲ ಕೆಂಭಾವಿ ಕಡೆಯ ಪಿಕಪ್ ಬಂದಿತ್ತು. ಹಿಂದಿನ ಗಾಲಿ ತಿರುಗುವಾಗ ಕರಕರ ಸದ್ದು. ಬ್ರೇಕಿನ ಡ್ರಮ್ಮು ಬಿಚ್ಚಿ ನೋಡಿದರೆ ಒಳಗೆ ಹಸಿರು. ಭತ್ತದ ಕಾಳು ಕೆಸರಿನ ಜೊತೆ ಒಳಗೆ ಹೋಗಿ, ಗಾಡಿ ಕೆಲವು ದಿನ ನಿಂತಲ್ಲೇ ನಿಂತಾಗ ಮೊಳಕೆ ಬಿಟ್ಟಿತ್ತು. ನಾನು ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟೆ. ಗಾಡಿಯ ಮಾಲೀಕ ಬಗ್ಗಿ ನೋಡಿ, "ನನ್ನ ಗದ್ದ್ಯಾಗ ಇಷ್ಟು ಚಂದ ಎದ್ದಿಲ್ಲಲ್ರಿ ಇದು" ಎಂದ. ಅವನಿಗೆ ನಗು, ನನಗೆ ಗಾಬರಿ. ಇದೇ ಬ್ರೇಕು ನಂಬಿಕೊಂಡು ಈ ಮನುಷ್ಯ ಸಂತೆಯ ದಿನ ಜನ ತುಂಬಿಕೊಂಡು ಹೋಗುತ್ತಾನೆ ಎಂದು ಹೊಳೆಯಿತು.

ನನಗೆ ಕೆಲಸ ಕಲಿಸಿದವರು ಚಾಂದಸಾಬ್ ಉಸ್ತಾದ. ಶಹಾಪುರದಲ್ಲಿ ಅವರ ಹತ್ತಿರ ಬೈಗುಳ ತಿನ್ನದ ಮೆಕ್ಯಾನಿಕ್ ಆ ಕಾಲದಲ್ಲಿ ಇರಲಿಲ್ಲ. ಬಾಯಿಂದ ಮಾತಿಗಿಂತ ಮೊದಲು ಕೈಯಿಂದ ಪಾನಾ ಹಾರಿ ಬರುತ್ತಿತ್ತು. ಗುರಿ ಮಾತ್ರ ಯಾವತ್ತೂ ತಪ್ಪುತ್ತಿತ್ತು, ಬೇಕಂತಲೇ ತಪ್ಪಿಸುತ್ತಿದ್ದರೋ ಏನೋ. ಅವರ ಹತ್ತಿರ ಎರಡು ಕಾಯಿದೆ ಇದ್ದವು. ಒಂದು, ಕಚ್ಚಿಕೊಂಡದ್ದನ್ನು ಸುತ್ತಿಗೆಯಿಂದಲೇ ಬಿಡಿಸಬೇಕು. ಎರಡು, ಬ್ರೇಕಿನ ಕೆಲಸಕ್ಕೆ ಒಂದು ಕಡೆಯ ಗಾಲಿ ಬಿಚ್ಚಿದರೆ ಎದುರು ಕಡೆಯದನ್ನೂ ಬಿಚ್ಚಲೇಬೇಕು. "ದೋನೋ ಖೋಲ್, ಶರಣ್ಯಾ" ಎಂದು ಅವರು ಗುಡುಗಿದರೆ ಮಾಲೀಕ ಎಷ್ಟೇ ಗಡಿಬಿಡಿ ಮಾಡಿದರೂ ನಾನು ಎರಡನೇ ಗಾಲಿಗೆ ಜಾಕು ಹಾಕುತ್ತಿದ್ದೆ.

ಕೆಲಸ ತಿಳಿಯದವರಿಗೆ ಇಷ್ಟು ಹೇಳಿಬಿಡುತ್ತೇನೆ. ಪಿಕಪ್ಪಿನ ಮುಂದಿನ ಗಾಲಿಯ ಹಿಂದೆ ಒಂದು ಕಬ್ಬಿಣದ ತಟ್ಟೆ ಇರುತ್ತದೆ, ಅದಕ್ಕೆ ಡಿಸ್ಕು ಅನ್ನುತ್ತೇವೆ. ರೊಟ್ಟಿ ಬಡಿಯುವ ಹಂಚಿಗಿಂತ ಸ್ವಲ್ಪ ಚಿಕ್ಕದು, ದಪ್ಪ ಜಾಸ್ತಿ. ಗಾಲಿಯ ನಡುವಿನ ಹಬ್ಬು ಎಂಬ ಭಾಗದ ಮೇಲೆ ಅದು ಕೂತು ಗಾಲಿಯ ಜೊತೆ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಎಂಬ ಇಕ್ಕಳ ಎರಡೂ ಕಡೆಯಿಂದ ಅದನ್ನು ಅಮುಕಿ ಹಿಡಿಯುತ್ತದೆ, ಗಾಡಿ ನಿಲ್ಲುತ್ತದೆ. ಹೊಸದಿದ್ದಾಗ ಈ ತಟ್ಟೆಯನ್ನು ಕೈಯಿಂದಲೇ ಎಳೆದು ತೆಗೆಯಬಹುದು. ತುಕ್ಕು ಬಂದು ಹಬ್ಬಿಗೆ ಕಚ್ಚಿತು ಅಂದರೆ ದೇವರೇ ಬಂದರೂ ಅಲ್ಲಾಡುವುದಿಲ್ಲ. ನಾವು ಸುತ್ತಿಗೆಯಿಂದ ಸುತ್ತಲೂ ಬಡಿಯುತ್ತಿದ್ದೆವು, ಗ್ಯಾಸಿನ ಬೆಂಕಿ ಹಿಡಿಯುತ್ತಿದ್ದೆವು. ರಟ್ಟೆ ಬಿದ್ದುಹೋಗುತ್ತಿತ್ತು. ಎಷ್ಟೋ ಸಲ ಡಿಸ್ಕಿನ ಜೊತೆ ಒಳಗಿನ ಬೇರಿಂಗನ್ನೂ ಹಾಳುಮಾಡಿ, ಮಾಲೀಕನ ಬಾಯಿಗೆ ಹೆದರಿ ಉಸ್ತಾದರ ಹಿಂದೆ ನಿಲ್ಲುತ್ತಿದ್ದೆವು.

ಆ ಡಿಸ್ಕಿನಲ್ಲಿ ಎರಡು ಸಣ್ಣ ತೂತು ಇರುತ್ತವೆ, ಒಳಗೆ ತಿರುಪಿನ ಗೆರೆ ಕೊರೆದದ್ದು. ಅವು ನೀರು ಇಳಿದುಹೋಗಲು ಮಾಡಿದ ತೂತು ಎಂದು ಉಸ್ತಾದರು ಹೇಳಿದ್ದರು. ನಾವೂ ನಂಬಿದ್ದೆವು. ಒಮ್ಮೆ ಗುರುಮಠಕಲ್ ಕಡೆಯ ಒಬ್ಬ ಲಾರಿ ಡ್ರೈವರ್ ಚಹಾ ಕುಡಿಯುತ್ತ ನಮ್ಮ ಬಡಿದಾಟ ನೋಡುತ್ತ ನಿಂತಿದ್ದ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಏನೋ ಗೊಣಗಿ, ಎರಡು ಬೋಲ್ಟು ಕೇಳಿದ. ಆ ಎರಡು ತೂತಿಗೆ ಅವನ್ನು ಹಾಕಿ, ಇದಕ್ಕೊಂದು ಸುತ್ತು ಅದಕ್ಕೊಂದು ಸುತ್ತು ಪಾನಾ ತಿರುಗಿಸುತ್ತ ಹೋದ. ಬೋಲ್ಟಿನ ತುದಿ ಹಬ್ಬಿಗೆ ತಾಗಿ ಡಿಸ್ಕನ್ನು ಹೊರಕ್ಕೆ ನೂಕಿತು. ಟಣ್ ಎಂದು ಸದ್ದಾಗಿ ಡಿಸ್ಕು ಬಿಟ್ಟುಕೊಂಡಿತು. ಅವನು ಚಹಾದ ಲೋಟ ಇಟ್ಟು ಹೋದ. ಉಸ್ತಾದರು ಬಗ್ಗಿ ಆ ತೂತುಗಳಿಗೆ ಬೆರಳ ತುದಿ ಇಟ್ಟು ನೋಡಿದರು. ಆಮೇಲೆ, "ಇಷ್ಟು ವರ್ಷ ಬಾಗಿಲಾ ತೆರದೇ ಇತ್ತು, ನಾವು ಗ್ವಾಡಿ ಒಡಿಯಾಕತ್ತಿದ್ದೆವು" ಎಂದರು. ಹಾಗಂತ ಅವರೇನು ಸುತ್ತಿಗೆ ಬಿಡಲಿಲ್ಲ. ನಾನು ಬಿಟ್ಟೆ. ಅವತ್ತಿನಿಂದ ನನ್ನ ಜೇಬಿನಲ್ಲಿ ಆ ಅಳತೆಯ ಎರಡು ಬೋಲ್ಟು ಯಾವಾಗಲೂ ಇರುತ್ತಿದ್ದವು. ಅಂಗಿ ಒಗೆಯುವಾಗ ಅವು ಕೈಗೆ ಸಿಕ್ಕಿ ನನ್ನ ಹೆಂಡತಿ ಎಷ್ಟು ಸಲ ಬೈದಿದ್ದಾಳೋ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಆ ಹೊತ್ತಿಗೆ ಉಸ್ತಾದರಿಗೆ ವಯಸ್ಸಾಗಿತ್ತು. ಗ್ಯಾರೇಜನ್ನು ನನಗೆ ಒಪ್ಪಿಸಿದ್ದರು. ಒಪ್ಪಿಸಿದ್ದು ಹೆಸರಿಗೆ. ದಿನಾ ಬೆಳಿಗ್ಗೆ ಬಂದು ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು, ನಾನು ಮಾಡುವ ಪ್ರತಿ ಕೆಲಸಕ್ಕೂ ಅಲ್ಲಿಂದಲೇ ತಪ್ಪು ಹುಡುಕುತ್ತಿದ್ದರು.

ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಹೊತ್ತು ಇನ್ನೂ ಏರಿರಲಿಲ್ಲ. ಸುರಪುರದ ರಸ್ತೆಯಿಂದ ಒಂದು ಪಿಕಪ್ ಬಂದು ಗ್ಯಾರೇಜಿನ ಮುಂದೆ ನಿಂತಿತು. ಮುಂದಿನ ಎಡಗಾಲಿಯಿಂದ ಹೊಗೆ, ಮೂಗು ಮುಚ್ಚಿಕೊಳ್ಳುವಷ್ಟು ಸುಟ್ಟ ವಾಸನೆ. ಹಿಂದೆ ಕೂಲಿಗೆ ಹೊರಟ ಹೆಂಗಸರು ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗಾಡಿ ಯಂಕೋಬನದು. ಸುರಪುರದ ಹತ್ತಿರದ ಒಂದು ಹಳ್ಳಿಯವನು, ತಾನೇ ಓಡಿಸುತ್ತಾನೆ. ಹೆಂಗಸರ ಗುಂಪಿಗೆ ಅವನ ಹೆಂಡತಿ ಗಂಗಮ್ಮ ಮುಂದಾಳು. ದಿನಾ ಬೆಳಿಗ್ಗೆ ಸುರಪುರದ ಗುಡ್ಡದ ಇಳಿಜಾರು ಇಳಿದು, ಶಹಾಪುರ ದಾಟಿ, ಕಾಲುವೆ ಪಕ್ಕದ ಹೊಲಗಳಿಗೆ ಹೋಗುವುದು ಅವರ ಕೆಲಸ.

"ಮೇಸ್ತ್ರಿ, ಎಡಗಡಿ ಗಾಲಿ ಹೊಗಿ ಬಿಡಾಕತ್ತದ" ಎಂದ ಯಂಕೋಬ. "ಜಲ್ದಿ ಏನರ ಮಾಡ್ರಿ. ಹೊಲದಾವ ದಾರಿ ಕಾಯಾಕತ್ತಾನ."

ಗಂಗಮ್ಮ ಗಾಡಿಯಿಂದ ಇಳಿದು ಸೆರಗು ಸರಿಮಾಡಿಕೊಂಡಳು. "ಇವತ್ತ ನಾವು ಮುಟ್ಟಲಿಲ್ಲಂದ್ರ ಅವ ಬ್ಯಾರೇ ಗುಂಪು ಕರಸ್ತಾನ ಅಣ್ಣಾ. ಈ ಸುಗ್ಗಿ ಪೂರಾ ಕೈ ಬಿಟ್ಟು ಹೋಗ್ತದ ನಮಗ."

"ಬ್ರೇಕ್ ಹೊಡದ್ರ ಗಾಡಿ ಯಾ ಕಡಿ ಎಳೀತದ?" ಎಂದು ಯಂಕೋಬನನ್ನು ಕೇಳಿದೆ.

"ಸ್ವಲ್ಪ ಎಡಕ್ಕ ಹೋಗ್ತದ್ರಿ. ಅದೇನ್ ದೊಡ್ಡ ಮಾತಲ್ಲ. ಸ್ಟೇರಿಂಗ್ ಬಲಕ್ಕ ಹಿಡಕೊಂಡು ಬ್ರೇಕ್ ಹೊಡೀತೀನಿ, ಸೀದಾ ನಿಂದರ್ತದ."

ಅವನು ಅದನ್ನು ಒಂದು ಜಾಣತನದ ಮಾತಿನಂತೆ ಹೇಳಿದ. ನಾನು ಅವನ ಮುಖವನ್ನೇ ನೋಡಿದೆ. ಹನ್ನೊಂದು ಜನರನ್ನು ಹಿಂದೆ ಕೂರಿಸಿಕೊಂಡು ಗುಡ್ಡ ಇಳಿಯುವ ಮನುಷ್ಯ ಇವನು. "ಎಷ್ಟು ದಿನದಿಂದ ನಡದದ ಈ ಸರ್ಕಸ್ಸು?" ಎಂದೆ. "ಹ್ವಾದ ಸುಗ್ಗಿಯಿಂದ್ರಿ" ಎಂದ. ಬೈಗುಳವನ್ನು ಬಾಕಿ ಇಟ್ಟು ಜಾಕು ತಂದೆ.

ಎಡಗಾಲಿ ತಣ್ಣಗಾಗಲು ಬಿಟ್ಟು, ಆಮೇಲೆ ಬಿಚ್ಚಿದೆ. ಡಿಸ್ಕು ಹಬ್ಬಿಗೆ ಗಟ್ಟಿಯಾಗಿ ಕಚ್ಚಿತ್ತು. ಡೀಸೆಲ್ ಬಿಟ್ಟು ನೆನೆಸಿದೆ. ಬೋಲ್ಟಿನ ತೂತುಗಳಲ್ಲಿ ತುಂಬಿದ್ದ ತುಕ್ಕನ್ನು ತಂತಿಯಿಂದ ಕೆದರಿದೆ. ಹೆಂಗಸರು ಬೇವಿನ ನೆರಳಿಗೆ ಬಂದು ಕೂತಿದ್ದರು. ಕೂತವರು ಸುಮ್ಮನೆ ಕೂರುತ್ತಾರೆಯೇ?

"ಏನ್ ಮೇಸ್ತ್ರಿ, ಒಂದು ಹಂಚು ಇಳಸಾಕ ಇಷ್ಟು ಹೊತ್ತೇನು?" ಎಂದಳು ಒಬ್ಬಳು.

"ಬಾರವ್ವ, ನೀನs ಇಳಸು ಬಾ. ಬಟ್ಟಿ ಹಿಡಕೊಂಡು ಬಾ ಮತ್ತ, ಕೈ ಸುಟ್ಟೀತು" ಎಂದೆ.

"ನಾ ಇಳಿಸಿದ್ರ ನಿಮ್ಮ ಅಂಗಡಿ ಬಂದ್ ಆಗ್ತದ್ರಿ."

ಉಸ್ತಾದರು ಬೆಂಚಿನ ಮೇಲಿನಿಂದ, "ಸುತ್ತಿಗಿ ತಗೋ ಅಂದ್ರ ಕೇಳಂಗಿಲ್ಲ ಅವ. ಬೋಲ್ಟ್ ತಿರುವ್ತಾ ಕುಂತಾನ, ಗಡಿಯಾರ ರಿಪೇರಿ ಮಾಡಿದಂಗ" ಎಂದು ಅವರಿಗೇ ಸಾಥ್ ಕೊಟ್ಟರು. ಹೆಂಗಸರೆಲ್ಲ ನಕ್ಕರು. ಯಂಕೋಬ ಮಾತ್ರ ನಗಲಿಲ್ಲ, ನೆರಳು ಎಲ್ಲಿಗೆ ಬಂತು ಎಂದು ನೋಡುತ್ತ ಅಡ್ಡಾಡುತ್ತಿದ್ದ.

ಹೇಗೋ ಎಡಗಡೆಯ ಡಿಸ್ಕು ಬಂತು. ಕಾದು ಕಾದು ನೀಲಿ ತಿರುಗಿತ್ತು, ಮೈಮೇಲೆ ಗೀರು ಬಿದ್ದಿದ್ದವು, ಆದರೆ ಗಟ್ಟಿ ಇತ್ತು. ಸುತ್ತಿಗೆಯ ಹಿಡಿಯಿಂದ ಬಡಿದರೆ ಗಂಟೆಯಂಥ ಸದ್ದು ಬಂತು. ಉಜ್ಜಿ, ಒರೆಸಿ, ಡಿಸ್ಕಿಗೆ ಒತ್ತುವ ಹೊಸ ಪ್ಯಾಡು ಹಾಕಿ ಜೋಡಿಸಿದೆ. ಯಂಕೋಬ ಆಗಲೇ ಕ್ಯಾಬಿನ್ನಿಗೆ ಹತ್ತಿ ಕೂತಿದ್ದ.

"ಇಳಿ ಕೆಳಗ. ಬಲಗಡಿದು ಬಿಚ್ಚಬೇಕು" ಎಂದೆ.

"ಬಲಗಡಿದಕ್ಕ ಏನಾಗ್ಯದ್ರಿ? ಅದು ಹೊಗಿ ಇಲ್ಲ, ವಾಸನಿ ಇಲ್ಲ, ತಣ್ಣಗ ಅದ."

"ಅದs ನನಗ ಅಂಜಿಕಿ ಹತ್ತಿದ್ದು. ಇಡೀ ಗುಡ್ಡ ಇಳದು ಬಂದ ಗಾಡಿ ಗಾಲಿ ತಣ್ಣಗ ಯಾಕಿರಬೇಕು? ಎಡಗಡಿದು ಒಂದs ದುಡದು ಸುಟ್ಟುಕೊಂಡದ. ಬಲಗಡಿದು ಕೆಲಸಾನ ಮಾಡವಲ್ದು."

ಅವನಿಗೆ ಅದು ತಲೆಗೆ ಹೋಗಲಿಲ್ಲ. ಕೈ ಜೋಡಿಸಿದ. "ಇವತ್ತ ಬಿಟ್ಟುಬಿಡ್ರಿ ಮೇಸ್ತ್ರಿ. ಸಂಜಿಗಿ ಇವರನ್ನ ಮನಿಗಿ ಮುಟ್ಟಿಸಿ, ನಾಳಿ ತಂದು ಬಿಡ್ತೀನಿ."

ಉಸ್ತಾದರು ಗುಡುಗುತ್ತಾರೆ ಎಂದು ನಾನು ಕಾದೆ. ಅವರು ಬೆಂಚಿನಿಂದ ಎದ್ದು ಬಂದು ಮೆಲ್ಲಗೆ, "ಬಿಡೋ ಶರಣ್ಯಾ. ಹೆಣ್ಮಕ್ಕಳ ರೋಜಿ ಅದ. ನಾಳಿ ಬಿಚ್ಚು" ಎಂದರು. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ದೋನೋ ಖೋಲ್" ಎಂದು ನನ್ನ ತಲೆಯ ಪಕ್ಕದಲ್ಲಿ ಪಾನಾ ಹಾರಿಸಿದ ಮನುಷ್ಯ ಇವರೇನಾ? ವಯಸ್ಸು ಅವರ ಮನಸ್ಸನ್ನು ಮೆತ್ತಗೆ ಮಾಡಿತ್ತು. ಹೆಂಗಸರ ಬುತ್ತಿಗಂಟು ನೋಡಿ ಕರಗಿಹೋಗಿದ್ದರು. ನಾನೂ ನೋಡಿದೆ. ಒಂದು ದಿನದ ಕೂಲಿ ಅಂದರೆ ಏನು ಎಂದು ನನಗೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ಗಾಡಿ ಬಿಟ್ಟುಕೊಡಲು ನನಗೂ ಮನಸ್ಸಾಗುತ್ತಿತ್ತು.

ಆಗ ಗಂಗಮ್ಮ ಬಂದಳು. "ಅಣ್ಣಾ, ಒಂದು ಮಾತು. ನಾ ದಿನಾ ಕ್ಯಾಬಿನ್ ಹಿಂದ ಬಲಗಡಿ ಮೂಲ್ಯಾಗ ಕುಂಡರ್ತೀನಿ. ಇಳಿಜಾರಿನ್ಯಾಗ ಇಂವ ಬ್ರೇಕ್ ಹೊಡದಾಗೆಲ್ಲ ಆ ಕಡಿ ಟಕ್ ಟಕ್ ಅಂತದ. ಬ್ರೇಕ್ ಬಿಟ್ರ ಸುಮ್ಮನಾಗ್ತದ."

"ಪಾನಾ ಡಬ್ಬಿ ಅಲ್ಲಾಡಿರ್ತದ" ಎಂದ ಯಂಕೋಬ.

"ಪಾನಾ ಡಬ್ಬಿ ಬರೇ ಬ್ರೇಕ್ ಹೊಡದಾಗ ಅಲ್ಲಾಡ್ತದೇನು? ನೀ ಒಳಗ ಹಾಡು ಹಚಗೊಂಡು ಕುಂತಿರ್ತಿ, ನಿನಗೇನ್ ಕೇಳಸ್ತದ."

"ಗಾಡಿ ಓಡಸಾವ ನಾನು, ನನಗ ಗೊತ್ತಿಲ್ಲೇನು?"

"ಓಡಸಾವ ನೀನು, ಕುಂಡ್ರಾಕಿ ನಾನು" ಎಂದಳು ಗಂಗಮ್ಮ. ನನ್ನ ಕಡೆ ತಿರುಗಿ, "ಬಿಚ್ಚರಿ ಅಣ್ಣಾ. ಹೊಲದಾವ ಬ್ಯಾರೇದಾರನ್ನ ಕರಸಿದ್ರ ಕರಸ್ಲಿ" ಎಂದಳು. ಮರದ ಕೆಳಗೆ ಕೂತಿದ್ದ ಹೆಂಗಸರಲ್ಲಿ ಒಂದಿಬ್ಬರು ಗೊಣಗಿದರು. ಅವಳು ಅವರ ಕಡೆ ನೋಡಲಿಲ್ಲ.

ಬಲಗಾಲಿ ಬಿಚ್ಚಿದೆ. ಹೊರಗಿನಿಂದ ಡಿಸ್ಕಿನ ಮೇಲೆ ಕೆಂಪು ತುಕ್ಕು, ಅದರ ಮೇಲೆ ಒಣಗಿದ ಕೆಸರು, ಲೋಹ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಕ್ಯಾಲಿಪರಿನ ಒಳಗಿನ ಭಾಗವೂ ತುಕ್ಕು ತಿಂದು ಜಾಮಾಗಿತ್ತು, ಅರ್ಧಂಬರ್ಧ ಅಮುಕುತ್ತಿತ್ತು. ಅದನ್ನು ತೆಗೆದು ಡಿಸ್ಕಿಗೆ ಕೈ ಹಾಕಿದರೆ ಎಡಗಡೆಯದು ಇದರ ಮುಂದೆ ಏನೂ ಅಲ್ಲ. ಹಬ್ಬು, ಡಿಸ್ಕು ಒಂದೇ ಎರಕದಲ್ಲಿ ಹೊಯ್ದಂತೆ ಕೂಡಿಕೊಂಡಿದ್ದವು. ಡೀಸೆಲ್ಲಿಗೆ ಬಗ್ಗಲಿಲ್ಲ. ಬೋಲ್ಟು ತಿರುಗಿಸಿದರೆ ಪಾನಾ ಜಾರಿತು, ನನ್ನ ಗೆಣ್ಣು ಸುಲಿದು ರಕ್ತ ಬಂತು. ಆ ತುಕ್ಕಿನ ಹುಟ್ಟು, ಅದರ ವಂಶ, ಎಲ್ಲವನ್ನೂ ಎತ್ತಿ ಬೈದೆ. ಹೆಂಗಸರು ಮುಖ ಆಚೆ ತಿರುಗಿಸಿಕೊಂಡರು.

ಯಂಕೋಬ ಮತ್ತೆ ಬಂದ. "ಗಾಲಿ ಹಾಕಿ ನಟ್ಟು ಸ್ವಲ್ಪ ಸಡಿಲ ಬಿಡ್ರಿ ಮೇಸ್ತ್ರಿ. ನಾ ರಸ್ತಾದ ಮ್ಯಾಲ ಹಿಂದ ಮುಂದ ಹೊಡದು ಗಕ್ಕನ ಬ್ರೇಕ್ ಹಾಕ್ತೀನಿ. ಒಂದs ಹೊಡತಕ್ಕ ಬಿಡ್ತದ." ಇದು ಗ್ಯಾರೇಜುಗಳಲ್ಲಿ ನಡೆಯುವ ಉಪಾಯವೇ. ಅವತ್ತು ನನ್ನ ಸುಲಿದ ಗೆಣ್ಣು ಉರಿಯುತ್ತಿತ್ತು, ಯಾರ ಉಪಾಯವೂ ಕೇಳುವ ಮನಸ್ಸಿರಲಿಲ್ಲ. "ನೀ ದೂರ ನಿಂದ್ರು" ಎಂದು ಗದರಿದೆ. ಅವನು ಹೇಳಿದಂತೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಉಸ್ತಾದರಿಗೆ ಇನ್ನು ತಡೆಯಲಾಗಲಿಲ್ಲ. ಅಂಗಿಯ ತೋಳು ಮಡಚಿ, ತಮ್ಮ ಹಳೆಯ ಸುತ್ತಿಗೆ ಎತ್ತಿಕೊಂಡರು. "ನೀ ನಿನ್ನ ಬೋಲ್ಟ್ ತಿರುವು. ನಾ ನಂದು ಒಂದು ಕೊಡ್ತೀನಿ" ಎಂದರು. ನಾನು ಎರಡೂ ಬೋಲ್ಟುಗಳನ್ನು ಸಾಧ್ಯವಾದಷ್ಟು ಬಿಗಿದು ಡಿಸ್ಕಿನ ಅಂಚು ಹಿಡಿದೆ. ಅವರು ಅಂಚಿಗೆ ಒಂದು ಏಟು ಕೊಟ್ಟರು, ಅಂಥ ದೊಡ್ಡ ಏಟೇನಲ್ಲ. ಸದ್ದು ಬಂತು. ಗಂಟೆಯ ಸದ್ದಲ್ಲ, ಒಡಕು ಮಡಕೆಯ ಸದ್ದು. ಡಿಸ್ಕು ಬಿಟ್ಟಿತು ಎಂದು ಎಳೆದೆ. ಅರ್ಧ ನನ್ನ ಕೈಯಲ್ಲಿತ್ತು, ಇನ್ನರ್ಧ ಉಸ್ತಾದರ ಕಾಲ ಹತ್ತಿರ ನೆಲಕ್ಕೆ ಬಿತ್ತು.

ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದ ಒಬ್ಬ ಹೆಂಗಸು ಆ ತುಂಡನ್ನು ಬಾಯಿಗೆ ಒಯ್ಯದೆ ಹಾಗೇ ಹಿಡಿದಿದ್ದಳು. ನಾನು ಕೈಯಲ್ಲಿದ್ದ ಅರ್ಧವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಷ್ಟು ವರ್ಷ ಕೆಲಸ ಮಾಡಿದ್ದೆ, ಸವೆದ ಡಿಸ್ಕು ನೋಡಿದ್ದೆ, ಸೊಟ್ಟಾದ ಡಿಸ್ಕು ನೋಡಿದ್ದೆ. ಎರಡು ಹೋಳಾದ ಡಿಸ್ಕು ನೋಡಿರಲಿಲ್ಲ.

ಸುತ್ತಿಗೆಯ ಏಟಿಗೇ ಒಡೆಯಿತೇನೋ ಎಂದು ನಾನು ಅಂದುಕೊಂಡೆ. ಉಸ್ತಾದರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಹೋಳು ಕೈಗೆ ತೆಗೆದುಕೊಂಡು, ಒಡೆದ ಜಾಗವನ್ನು ಬೆರಳಿನಿಂದ ಒರೆಸಿದರು. ಹೊಸದಾಗಿ ಮುರಿದ ಕಬ್ಬಿಣ ಬೆಳ್ಳಗೆ ಮಿಂಚುತ್ತದೆ. ಇದು ಮಿಂಚುತ್ತಿರಲಿಲ್ಲ. ಒಂದು ಕಡೆಯ ಮುರುಕು ಅಂಚಿನಿಂದ ನಡುವಿನ ತನಕ ಪೂರ್ತಿ ಕಂದು, ಎಷ್ಟೋ ದಿನದ ಹಿಂದೆ ಬಿಟ್ಟ ಬಿರುಕು. ಎದುರು ಕಡೆಯದೂ ಕಂದು. ಅದರ ತುದಿಯಲ್ಲಿ ಮಾತ್ರ ಒಂದು ಚೂರು ಬೆಳ್ಳಗಿತ್ತು.

"ಇದು ಹಳೇದು. ಇದೂ ಹಳೇದು" ಎಂದು ಉಸ್ತಾದರು ಕಿರುಬೆರಳಿನ ಉಗುರು ತೋರಿಸಿದರು. "ನಾ ಒಡದದ್ದು ಇಷ್ಟು."

"ಮತ್ತ ಇಷ್ಟು ದಿನ ಹೆಂಗ ನಿಂತಿತ್ರಿ ಇದು?" ಎಂದಳು ಗಂಗಮ್ಮ.

ಉತ್ತರ ನಾನೇ ಹೇಳಿದೆ. "ತುಕ್ಕೇ ಅಂಟಿನಂಗ ಎರಡೂ ಹೋಳು ಹಬ್ಬಿಗಿ ಮೆತ್ತಿ ಇಟ್ಟಿತ್ತವ್ವ. ನಾ ಮುಂಜಾನಿಯಿಂದ ಬೈದೆನಲ್ಲ, ಅದs ತುಕ್ಕು." ಹೋಳು ಬಿಚ್ಚಿಕೊಂಡು ಕ್ಯಾಲಿಪರಿಗೆ ಸಿಕ್ಕಿದ್ದರೆ ಗಾಲಿ ಅಲ್ಲೇ ಗಕ್ಕನೆ ನಿಲ್ಲುತ್ತಿತ್ತು. ಗುಡ್ಡದ ಇಳಿಜಾರಿನಲ್ಲಿ, ಅಷ್ಟು ಜನ ಹಿಂದೆ ಕೂತ ಗಾಡಿಯ ಒಂದು ಗಾಲಿ ನಿಂತರೆ ಮಿಕ್ಕ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಯಂಕೋಬ ಬಂದು ಹೋಳುಗಳ ಮುಂದೆ ಕೂತ. "ಮುಂಜಾನಿ ಇಳಿಜಾರಿನ್ಯಾಗ ಎಮ್ಮಿ ಅಡ್ಡ ಬಂದಿತ್ತು" ಎಂದ. ಯಾರಿಗೂ ಹೇಳಿದ ಮಾತಲ್ಲ ಅದು. "ಎರಡೂ ಕಾಲಿಲೆ ಬ್ರೇಕ್ ತುಳದೆ." ಆಮೇಲೆ ಮರದ ಕೆಳಗಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಲ್ಲರೂ ಇದ್ದಾರೋ ಇಲ್ಲವೋ ಎಂದು ನೋಡುವವನ ಹಾಗಿತ್ತು ಅದು.

ಉಸ್ತಾದರು ಮಾತಾಡಿದಾಗ ಅವರ ದನಿ ಬೇರೆಯೇ ಆಗಿತ್ತು. "ಸುಮ್ಮ ಸುಮ್ಮನ ಹಿಂಗ ಸೀಳಂಗಿಲ್ಲ ಇದು. ಕೆಂಡದಂಗ ಕಾದಾಗ ನೀರು ಬೀಳಬೇಕು. ಎಲ್ಲಿಂದ ಬಿತ್ತು ನೀರು?"

ಗಂಗಮ್ಮ ಗಂಡನ ಮುಖ ನೋಡಿದಳು. "ಶುಕ್ರವಾರ ಶುಕ್ರವಾರ ಗಾಡಿ ಕಾಲುವಿಗೆ ಇಳಸ್ತೀವಿ, ಬಾಬಾ. ಗಾಡಿ ಪೂಜಿಗಿ ಮುಂಚೆ ಮೈ ತೊಳೀಬೇಕಲ್ಲ. ದುಡದು ಬಂದ ಎತ್ತಿಗಿ ಮೊದಲ ನೀರು ತೋರಸಂಗಿಲ್ಲೇನು? ಹಂಗs. ಗುಡ್ಡ ಇಳದು ಬಂದದ್ದs ನಿಂದ್ರದಂಗ ಸೀದಾ ನೀರಿಗಿ ಬಿಡ್ತೀವಿ. ಬಲಗಡಿ ಗಾಲಿ ಮೊದಲ ಇಳೀತದ. ಚುಂಯ್ ಅಂತದ, ಹೊಗಿ ಏಳ್ತದ. ಗಾಡಿ ತಂಪಾತು ಅಂತ ಎಲ್ಲಾರೂ ಕೈ ಮುಗೀತೀವಿ."

ಕ್ಯಾಲಿಪರ್ ಜಾಮಾಗುವ ಮೊದಲು, ಬಲಗಾಲಿಯೂ ದುಡಿದು ಕಾಯುತ್ತಿದ್ದ ಕಾಲದಲ್ಲಿ ಬಿದ್ದ ಬಿರುಕು ಅದು ಎಂದು ನಮಗಿಬ್ಬರಿಗೂ ಹೊಳೆಯಿತು. ಶುಕ್ರವಾರ ಕಾಲುವೆಯಲ್ಲಿ ಗಾಡಿ ತೊಳೆಯುವುದು ನಮಗೆ ಗೊತ್ತಿರದ ಸಂಗತಿಯಲ್ಲ. ದನಗಳು ನೀರಿಗೆ ಇಳಿಯಲೆಂದು ಕಾಲುವೆಗೆ ಕಟ್ಟಿದ ಇಳುಕಲಿನಲ್ಲಿ ಪಿಕಪ್ಪು, ಟಂಟಂ ಸಾಲುಗಟ್ಟಿ ನಿಂತಿರುವುದನ್ನು ದಾರಿಯಲ್ಲಿ ಹೋಗುವಾಗ ನೋಡಿದ್ದೇವೆ. ಎಷ್ಟು ಚಂದ ಇಟ್ಟುಕೊಂಡಿದ್ದಾರೆ ಗಾಡಿ ಎಂದು ಹೊಗಳಿದ್ದೇವೆ. ಬಿಸಿ ಆರುವ ಮೊದಲೇ ಇಳಿಸುತ್ತಾರೆ, ಆ ಚುಂಯ್ ಸದ್ದಿಗೆ ಕೈ ಮುಗಿಯುತ್ತಾರೆ ಎಂದು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಧೂಳಿನ ಕಾಲದಲ್ಲಿ ಯಾರೂ ಗಾಡಿಯನ್ನು ಇಷ್ಟು ಪ್ರೀತಿಸಿರಲಿಲ್ಲ, ಯಾವ ಡಿಸ್ಕೂ ಹೀಗೆ ಹೋಳಾಗಿರಲಿಲ್ಲ.

"ಯವ್ವಾ, ಒಲಿ ಮ್ಯಾಲ ಕಾದ ಮಣ್ಣಿನ ಹಂಚಿಗಿ ಒಂದು ತಂಬಿಗಿ ನೀರು ಸುರುವಿದ್ರ ಏನಾಗ್ತದ?" ಎಂದು ಕೇಳಿದೆ.

"ಸೀಳ್ತದ" ಎಂದಳು ಗಂಗಮ್ಮ. ಹೇಳಿದ ಮೇಲೆ ಅವಳ ಕೈ ತಾನಾಗಿಯೇ ಬಾಯಿಗೆ ಹೋಯಿತು. ಮರದ ಕೆಳಗಿನ ಹೆಂಗಸರೆಲ್ಲರಿಗೂ ಒಮ್ಮೆಲೇ ತಿಳಿಯಿತು. ಒಬ್ಬಳು ಅಳಲು ಶುರುಮಾಡಿದಳು. ಪಕ್ಕದವಳು ಅವಳನ್ನು ಸುಮ್ಮನಾಗಿಸುತ್ತ ತಾನೂ ಅತ್ತಳು. ನನಗೂ ಕಣ್ಣು ತುಂಬಿ ಬಂತು, ಗೆಣ್ಣಿನ ಗಾಯ ಒರೆಸಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದೆ.

ಅವತ್ತು ಯಾರೂ ಮೆಣಸಿನಕಾಯಿ ಬಿಡಿಸಲು ಹೋಗಲಿಲ್ಲ. ಹೊಲದವನು ಬೇರೆ ಗುಂಪನ್ನು ಕರೆಸಿಕೊಂಡ, ಆ ಸುಗ್ಗಿಗೆ ಅವನ ಹೊಲ ಇವರಿಗೆ ಸಿಗಲಿಲ್ಲ. ಹೆಂಗಸರನ್ನು ಸುರಪುರದ ಬಸ್ಸಿಗೆ ಹತ್ತಿಸಿ ಬಂದೆ. ಉಸ್ತಾದರು ಬೆಂಚಿನ ಮೇಲೆ ಕೂತೇ ಇದ್ದರು. ನಾನು ಹತ್ತಿರ ಹೋದರೆ, "ನಾ ಬಿಡು ಅಂದಿದ್ದೆ ನೋಡು ಶರಣ್ಯಾ" ಎಂದರು. ಮರುದಿನ ಕಲಬುರಗಿಯಿಂದ ಹೊಸ ಡಿಸ್ಕುಗಳು ಬಂದವು, ಎರಡೂ ಕಡೆ ಹಾಕಿದೆ. ಗಾಡಿ ಒಯ್ಯುವಾಗ ಗಂಗಮ್ಮ ಒಡೆದ ಡಿಸ್ಕಿನ ಒಂದು ಹೋಳು ಬೇಕೆಂದು ಕೇಳಿದಳು. ಯಾಕೆ ಎಂದೆ. "ಇರ್ಲಿ" ಎಂದಳು ಅಷ್ಟೇ. ಇನ್ನೊಂದು ಹೋಳು ನನ್ನ ಹತ್ತಿರ ಉಳಿಯಿತು.

ಅದರ ಮುಂದಿನ ಶುಕ್ರವಾರ ನನಗೆ ಗ್ಯಾರೇಜಿನಲ್ಲಿ ನಿಲ್ಲಲಾಗಲಿಲ್ಲ. ಸೈಕಲ್ ಮೋಟರ್ ತೆಗೆದುಕೊಂಡು ಕಾಲುವೆಗೆ ಹೋದೆ. ಇಳುಕಲಿನ ಬಾಯಿಯಲ್ಲಿ ಯಂಕೋಬನ ಪಿಕಪ್ ಅಡ್ಡ ನಿಂತಿತ್ತು. ಹೆಂಗಸರು ದಂಡೆಯ ಮೇಲೆ ಕಾಲು ಚಾಚಿ ಕೂತಿದ್ದರು. ಗಂಗಮ್ಮ ತಂಬಿಗೆ ಹಿಡಿದು ಬಲಗಾಲಿಯ ಮುಂದೆ ಕುಕ್ಕರಿಸಿ, ಗಾಲಿಯ ಸಂದಿಯಿಂದ ಡಿಸ್ಕಿನ ಮೇಲೆ ಬೆರಳ ತುದಿಯಿಂದ ಎರಡು ಹನಿ ಚಿಮುಕಿಸಿದಳು. ರೊಟ್ಟಿ ಹಾಕುವ ಮುಂಚೆ ಹಂಚು ನೋಡುತ್ತಾರಲ್ಲ, ಹಾಗೆ. ಕಿವಿ ಕೊಟ್ಟು ಕೇಳಿದಳು. "ಇನ್ನಾ ಚುಂಯ್ ಅನ್ನಾಕತ್ತದ. ಕುಂಡ್ರಿ" ಎಂದಳು. ಯಂಕೋಬ ತೆಪ್ಪಗೆ ಕಲ್ಲಿನ ಮೇಲೆ ಕೂತ.

ಹಿಂದೆ ಕೆಂಭಾವಿ ಕಡೆಯಿಂದ ಬಂದ ಇನ್ನೊಂದು ಪಿಕಪ್ ನಿಂತಿತ್ತು. ಅದರ ತುಂಬ ಕೂಲಿಯ ಹೆಂಗಸರು. ಡ್ರೈವರ್ ಹಾರ್ನ್ ಒತ್ತಿದ. ಇವರು ಏಳಲಿಲ್ಲ. ಮತ್ತೆ ಒತ್ತಿದ. "ಏ ಯಕ್ಕಾ, ಗಾಡಿ ತಗೀರಿ, ನಾ ಇಳಸ್ತೀನಿ, ಪೂಜಿಗಿ ಹೊತ್ತಾಗ್ಯದ" ಎಂದು ಕೂಗಿದ. ಅವನ ಮುಂದಿನ ಗಾಲಿಯಿಂದ ಬರುತ್ತಿದ್ದ ಬಿಸಿ ವಾಸನೆ ನನಗೆ ನಿಂತಲ್ಲಿಗೇ ಬಡಿಯಿತು. ನಾನು ಬೈಯಲು ಬಾಯಿ ತೆರೆದಿದ್ದೆ.

ಗಂಗಮ್ಮ ನನಗಿಂತ ಮೊದಲು ಎದ್ದಳು. ತಮ್ಮ ಕ್ಯಾಬಿನ್ನಿನಿಂದ ಡಿಸ್ಕಿನ ಹೋಳು ತೆಗೆದುಕೊಂಡು ಹೋಗಿ, ಕಿಟಕಿಯೊಳಗಿಂದ ಅವನ ತೊಡೆಯ ಮೇಲೆ ಇಟ್ಟಳು. ಅವನು ಅದನ್ನು ಎತ್ತಿ ನೋಡಿದ. ಡ್ರೈವರ್ ಆದ್ದರಿಂದ ಅದು ಏನೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಒಡೆದ ಅಂಚಿನ ಮೇಲೆ ಬೆರಳಾಡಿಸಿದ.

"ಇನ್ನರ್ಧ ಎಲ್ಲ್ಯದ?" ಎಂದ.

"ಅಕೋ, ಆ ಮೇಸ್ತ್ರಿ ಮನ್ಯಾಗ ಅದ. ಹಿಂಗs ಬಿಸಿಬಿಸೀದು ನೀರಿಗಿ ಇಳಿಸಿ ಸೀಳಿದ್ದು" ಎಂದಳು ಗಂಗಮ್ಮ. "ಸೀಳಿದ ಮ್ಯಾಲೂ ನಮಗ ಗೊತ್ತಿರಲಿಲ್ಲ. ದಿನಾ ಅದರ ಮ್ಯಾಲs ಕುಂತು ಗುಡ್ಡ ಇಳದೀವಿ."

ಅವನು ಇಂಜಿನ್ ಬಂದ್ ಮಾಡಿದ. ಬಾಗಿಲು ತೆಗೆದು ಇಳಿದು ತನ್ನ ಗಾಡಿಯ ಹಿಂದಕ್ಕೆ ಹೋದ. ಅಲ್ಲಿ ಕ್ಯಾಬಿನ್ನಿನ ಹಿಂದಿನ ಬಲಮೂಲೆಯಲ್ಲಿ ಒಬ್ಬ ಮುದುಕಿ ಬುತ್ತಿಗಂಟು ಹಿಡಿದು ಕೂತಿದ್ದಳು. ಅವನು ಎರಡೂ ಕೈ ಮೇಲೆ ಚಾಚಿ, "ಯವ್ವಾ, ಕೆಳಗ ಇಳಿ. ಗಾಲಿ ಆರಲಿ" ಎಂದ.